ಕಸುಬಿನ ಕೂಟಗಳ ಉದ್ದೇಶ: ಪುಲಿಗೆರೆಯ ಸೇಣಿಯಿಂದ ಇಂದಿನ ‘ಗಿಲ್ಡ್’ವರೆಗೆ

ಇತಿಹಾಸದ ಅಭ್ಯಾಸಿಗಳಿಗೆ ‘ಶ್ರೇಣಿ’ ಎಂಬ ಶಬ್ದವು ಹೊಸದಲ್ಲ. ನಮ್ಮ ಶಾಸನಗಳಲ್ಲಿ ಅದು ‘ಸೇಣಿ’ ಎಂಬ ತದ್ಭವರೂಪದಲ್ಲಿಯೂ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದ ಪಂಡಿತರು ಅದನ್ನು ‘ಗಿಲ್ಡ್’ ಎಂದು ಅನುವಾದಿಸುತ್ತ ಬಂದಿದ್ದಾರೆ. ಆದರೆ ಕೆಲವು ವರ್ಷಗಳಿಂದ ಈ ಮಾತು ನಮ್ಮ ಕಿವಿಗೆ ಇನ್ನೊಂದು ದಿಕ್ಕಿನಿಂದ ಬೀಳತೊಡಗಿದೆ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಾಲೇಜುಗಳಲ್ಲಿ ಓದಿ ಬೆಂಗಳೂರು, ಪುಣೆಗಳ ಸಾಫ್ಟ್‌ವೇರ್ ಕಚೇರಿಗಳನ್ನು ಸೇರಿದ ತರುಣರು ರಜೆಗೆ ಊರಿಗೆ ಬಂದಾಗ, “ನಮ್ಮಲ್ಲೂ ಗಿಲ್ಡ್ ಇದೆ, ಸರ್” ಎನ್ನುತ್ತಾರೆ. ಏನದು ಎಂದು ಕೇಳಿದರೆ, ಬೇರೆಬೇರೆ ತಂಡಗಳಲ್ಲಿ ಹಂಚಿಹೋದ ಒಂದೇ ಕಸುಬಿನವರು ಆಗೀಗ ಕೂಡಿ ಮಾತನಾಡುವ ಕೂಟವೆಂದು ಹೇಳುತ್ತಾರೆ. ಅಂಥ ಕೂಟಕ್ಕೆ ಶಾಸ್ತ್ರೀಯವಾದ ಹೆಸರು ‘ಕಮ್ಯೂನಿಟಿ ಆಫ್ ಪ್ರಾಕ್ಟೀಸ್’. ಅದನ್ನು ನಾವು ಈ ಲೇಖನದಲ್ಲಿ ‘ಕಸುಬಿನ ಕೂಟ’ ಎಂದು ಕರೆಯೋಣ.

ಹೆಸರು ನಮ್ಮ ಶಾಸ್ತ್ರದಿಂದ ಹೋದುದಾದ್ದರಿಂದ, ಅದು ಸೇರಿದ ಹೊಸ ಮನೆಯಲ್ಲಿ ಯಾವ ಅರ್ಥವನ್ನು ಪಡೆದಿದೆ ಎಂದು ವಿಚಾರಿಸುವುದು ಇತಿಹಾಸಕಾರನ ಕೆಲಸವೇ ಆಗಿದೆ. ಕಸುಬಿನ ಕೂಟದ ಉದ್ದೇಶವೇನು? ಅದು ಯಾರಿಗಾಗಿ ಇದೆ? ಹಳೆಯ ಶ್ರೇಣಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವುಂಟೇ? ಈ ಮೂರು ಪ್ರಶ್ನೆಗಳನ್ನು ನಮ್ಮ ಜಿಲ್ಲೆಯ ನೆಲದಲ್ಲಿಯೇ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿರುತ್ತದೆ.

೧

ಮೊದಲು ಈ ಕಲ್ಪನೆಯ ಹುಟ್ಟನ್ನು ನೋಡೋಣ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಎಂಬ ಇಬ್ಬರು ವಿದ್ವಾಂಸರು ೧೯೯೧ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಗ್ರಂಥದಲ್ಲಿ ಇದು ಮೊದಲು ರೂಪಗೊಂಡಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಗ್ರಂಥವು ಕಚೇರಿಗಳನ್ನು ಕುರಿತದ್ದಲ್ಲ, ಶಿಷ್ಯವೃತ್ತಿಯನ್ನು ಕುರಿತದ್ದು. ಯುಕಟಾನಿನ ಸೂಲಗಿತ್ತಿಯರು, ಲೈಬೀರಿಯದ ದರ್ಜಿಗಳು, ಅಮೆರಿಕದ ನೌಕಾದಳದಲ್ಲಿ ಹಡಗಿನ ದಾರಿಯನ್ನು ಲೆಕ್ಕ ಹಾಕುವವರು, ಅಂಗಡಿಗಳಲ್ಲಿ ಮಾಂಸ ಕತ್ತರಿಸುವವರು, ಕುಡಿತವನ್ನು ಬಿಟ್ಟವರು—ಈ ಐದು ಗುಂಪುಗಳಲ್ಲಿ ಹೊಸಬನು ಹೇಗೆ ಹಳಬನಾಗುತ್ತಾನೆ ಎಂಬುದನ್ನು ಅವರು ವಿವೇಚಿಸಿದರು. ಕಲಿಕೆಯೆಂಬುದು ತಲೆಯೊಳಗೆ ತುಂಬುವ ಸರಕಲ್ಲ, ಅದು ಒಂದು ಕೂಟದ ಅಂಚಿನಿಂದ ನಡುವಿಗೆ ಸಾಗುವ ಪಯಣ ಎಂಬುದು ಅವರ ಸಿದ್ಧಾಂತದ ತಿರುಳು.

ಲೈಬೀರಿಯದ ದರ್ಜಿಗಳ ಉದಾಹರಣೆಯು ಬಹು ಸ್ವಾರಸ್ಯಕರವಾದುದು. ಬಟ್ಟೆಯನ್ನು ಮೊದಲು ಕತ್ತರಿಸಿ, ಆಮೇಲೆ ಹೊಲಿದು, ಕೊನೆಯಲ್ಲಿ ಗುಂಡಿ ಹಚ್ಚುವುದು ಉಡುಪು ತಯಾರಾಗುವ ಕ್ರಮ. ಆದರೆ ಶಿಷ್ಯನು ಕಲಿಯುವ ಕ್ರಮ ಇದಕ್ಕೆ ತಿರುಗುಮುರುಗು. ಅವನು ಮೊದಲು ಗುಂಡಿ ಹಚ್ಚಿ ಅಂಚು ಮಡಿಸಲು ಕಲಿಯುತ್ತಾನೆ, ಹೊಲಿಗೆ ಆಮೇಲಿನದು, ಕತ್ತರಿಯು ಅವನ ಕೈಗೆ ಬರುವುದು ಎಲ್ಲಕ್ಕೂ ಕೊನೆಗೆ. ಗುಂಡಿ ತಪ್ಪಿದರೆ ಬಿಚ್ಚಿ ಹಚ್ಚಬಹುದು, ತಪ್ಪಾಗಿ ಕತ್ತರಿಸಿದ ಬಟ್ಟೆ ಮಾತ್ರ ಕೆಟ್ಟಂತೆಯೇ ಸರಿ. ಆ ಕ್ರಮದಲ್ಲಿ ಕಲಿಯುವವನ ಮೇಲೆ ಒಂದು ಕರುಣೆಯಿದೆ, ಕಸುಬಿನ ಮೇಲೆ ಒಂದು ಎಚ್ಚರವೂ ಇದೆ.

ಮಾಂಸ ಕತ್ತರಿಸುವವರ ಉದಾಹರಣೆಯು ಇದಕ್ಕೆ ವಿರುದ್ಧವಾದುದು. ಅಂಗಡಿಯಲ್ಲಿ ಕೆಲಸದ ಮೇಜುಗಳನ್ನು ಇರಿಸಿದ ರೀತಿಯಿಂದಾಗಿ, ಪೊಟ್ಟಣ ಕಟ್ಟುವ ಕಡೆ ನಿಂತ ಹೊಸಬರಿಗೆ ನುರಿತವರ ಕೈಕೆಲಸ ಕಾಣುವಂತೆಯೇ ಇರಲಿಲ್ಲ. ಹೆಸರಿಗೆ ಅವರು ಶಿಷ್ಯರು. ವಾಸ್ತವದಲ್ಲಿ ಅಗ್ಗದ ಕೂಲಿಗಳು. ಕೂಟವೆಂಬುದು ಹೆಸರಿನಿಂದ ಆಗುವುದಿಲ್ಲ, ನೋಟದ ದಾರಿ ತೆರೆದಿರಬೇಕು ಎಂಬ ಪಾಠವು ಆ ಮೂಲಗ್ರಂಥದಲ್ಲಿಯೇ ಇದೆ.

ಇದೇ ಕಾಲದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞನು ಜೆರಾಕ್ಸ್ ಕಂಪನಿಯ ಯಂತ್ರ ದುರಸ್ತಿಗಾರರ ಜೊತೆ ತಿರುಗಾಡಿ ಅವರ ಕೆಲಸವನ್ನು ಅಭ್ಯಸಿಸಿದನು. ಅವನ ಗ್ರಂಥವು ೧೯೯೬ರಲ್ಲಿ ಹೊರಬಂದಿತು. ಕಂಪನಿಯು ಕೊಟ್ಟ ಕೈಪಿಡಿಯಲ್ಲಿ ಇಲ್ಲದ ತೊಡಕುಗಳನ್ನು ಈ ಜನರು ಊಟ ಉಪಾಹಾರಗಳ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳುವ ಕಥೆಗಳ ಮೂಲಕ ಬಿಡಿಸುತ್ತಿದ್ದರೆಂಬುದನ್ನು ಆತನು ತೋರಿಸಿದನು. ಹೊರಗಿನಿಂದ ನೋಡುವ ಮೇಲಧಿಕಾರಿಗೆ ಹರಟೆಯಾಗಿ ಕಂಡದ್ದು ಒಳಗಿನಿಂದ ನೋಡಿದರೆ ಕಸುಬಿನ ಭಂಡಾರವಾಗಿತ್ತು.

ಇಲ್ಲಿಯವರೆಗೆ ಕೂಟವು ಅಧಿಕಾರಿಗಳು ಕಟ್ಟಿದ್ದಲ್ಲ, ವಿದ್ವಾಂಸರು ಕಂಡದ್ದು. ಆದರೆ ೨೦೦೨ರಲ್ಲಿ ವೆಂಗರ್, ಮ್ಯಾಕ್‌ಡರ್ಮಟ್, ಸ್ನೈಡರ್ ಎಂಬ ಮೂವರು ಬರೆದ ಗ್ರಂಥದಲ್ಲಿ ದೃಷ್ಟಿಯು ಬದಲಾಗುತ್ತದೆ. ಕೂಟಗಳನ್ನು ಸಂಸ್ಥೆಗಳು ಹೇಗೆ ‘ಬೆಳೆಸಬೇಕು’, ಅವುಗಳಿಂದ ಬರುವ ಪ್ರಯೋಜನವನ್ನು ಹೇಗೆ ಅಳೆಯಬೇಕು ಎಂಬುದು ಅದರ ವಿಷಯ. ಕೂಟಗಳಿಗೆ ತಮ್ಮದೇ ಆದ ಕೇಡುಗಳೂ ಉಂಟೆಂದು ಗ್ರಂಥಕರ್ತರು ಒಂದು ಅಧ್ಯಾಯದಲ್ಲಿ ಒಪ್ಪಿಕೊಂಡಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ಕಾಡಿನ ಗಿಡವನ್ನು ವರ್ಣಿಸುವ ಶಾಸ್ತ್ರವು ಹನ್ನೊಂದು ವರ್ಷಗಳಲ್ಲಿ ತೋಟಗಾರಿಕೆಯ ಕೈಪಿಡಿಯಾಯಿತೆಂದು ನಾವು ಹೇಳದೆ ಇರಲಾರೆವು. ತೋಟವೇನೂ ಕೆಟ್ಟದ್ದಲ್ಲ, ಆದರೆ ತೋಟದ ಫಲಕ್ಕೆ ಒಡೆಯನೊಬ್ಬನು ಇರುತ್ತಾನೆ.

೨

ಇನ್ನು ‘ಅಜೈಲ್’ ಎಂದು ಕರೆಯಲಾಗುವ ಕಾರ್ಯಪದ್ಧತಿ. ೨೦೦೧ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಜನ ಸಾಫ್ಟ್‌ವೇರ್ ತಜ್ಞರು ಕೂಡಿ ಒಂದು ಘೋಷಣಾಪತ್ರವನ್ನು ಹೊರಡಿಸಿದರು. ದೊಡ್ಡ ಯೋಜನೆಯನ್ನು ಮೊದಲೇ ಪೂರ್ತಿ ಬರೆದಿಟ್ಟು ಅದರಂತೆ ನಡೆಯುವುದಕ್ಕಿಂತ, ಚಿಕ್ಕ ಚಿಕ್ಕ ಅವಧಿಗಳಲ್ಲಿ ಕೆಲಸ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಳ್ಳುತ್ತ ಸಾಗುವುದು ಲೇಸೆಂಬುದು ಅದರ ಸಾರ. ಇದಕ್ಕಾಗಿ ಕೆಲಸಗಾರರನ್ನು ಕಸುಬಿನ ಪ್ರಕಾರ ಗುಂಪು ಮಾಡದೆ, ಮಾಡಬೇಕಾದ ವಸ್ತುವಿನ ಪ್ರಕಾರ ಗುಂಪು ಮಾಡುವ ರೂಢಿ ಬೆಳೆಯಿತು. ಒಂದು ತಂಡದಲ್ಲಿ ಒಬ್ಬ ವಿನ್ಯಾಸಕಾರ, ಮೂವರು ನಾಲ್ವರು ಪ್ರೋಗ್ರಾಮ್ ಬರೆಯುವವರು, ಒಬ್ಬ ಪರೀಕ್ಷಕ—ಹೀಗೆ.

ಇದರಿಂದ ಕೆಲಸದ ವೇಗ ಹೆಚ್ಚಬಹುದು. ಆದರೆ ಒಂದು ಕೊರತೆಯೂ ಉಂಟಾಗುತ್ತದೆ. ತಂಡದಲ್ಲಿರುವ ಒಬ್ಬನೇ ಪರೀಕ್ಷಕನು ತನ್ನ ಕಸುಬಿನ ಸಂಶಯವನ್ನು ಯಾರ ಮುಂದೆ ಇಡಬೇಕು? ಹತ್ತು ತಂಡಗಳಲ್ಲಿ ಹತ್ತು ಜನರು ಒಂದೇ ತೊಡಕನ್ನು ಹತ್ತು ಸಲ ಬಿಡಿಸಬೇಕೇ? ತಂಡವು ಮುಗಿದ ಮೇಲೆ ಅಲ್ಲಿ ಕಲಿತದ್ದು ಎಲ್ಲಿಗೆ ಹೋಗಬೇಕು? ಈ ಕೊರತೆಯನ್ನು ತುಂಬಲಿಕ್ಕಾಗಿ ಕಸುಬಿನ ಕೂಟಗಳನ್ನು ಏರ್ಪಡಿಸಲಾಯಿತು. ತಂಡವು ವಸ್ತುವಿನ ಕಡೆಗೆ ನೋಡುತ್ತದೆ, ಕೂಟವು ಕಸುಬಿನ ಕಡೆಗೆ ನೋಡುತ್ತದೆ. ಎರಡೂ ಸೇರಿದರೆ ಹಾಸು ಹೊಕ್ಕು ಸೇರಿದಂತೆ ಎಂದು ಬೆಟಗೇರಿಯ ನೇಕಾರನು ಹೇಳಬಹುದು.

ಸ್ವೀಡನ್ ದೇಶದ ಸ್ಪಾಟಿಫೈ ಕಂಪನಿಯ ವ್ಯವಸ್ಥೆಯನ್ನು ಕುರಿತು ಹೆನ್ರಿಕ್ ಕ್ನಿಬರ್ಗ್ ಮತ್ತು ಆಂಡರ್ಸ್ ಇವಾರ್ಸನ್ ೨೦೧೨ರಲ್ಲಿ ಬರೆದ ಲೇಖನದಿಂದ ‘ಗಿಲ್ಡ್’ ಎಂಬ ಹೆಸರು ಲೋಕದ ಕಚೇರಿಗಳಿಗೆಲ್ಲ ಹರಡಿತು. ಆ ಲೇಖನದಲ್ಲಿ ನಾಲ್ಕು ಹೆಸರುಗಳಿವೆ. ‘ಸ್ಕ್ವಾಡ್’ ಎಂದರೆ ಚಿಕ್ಕ ತಂಡ; ‘ಟ್ರೈಬ್’ ಎಂದರೆ ಹತ್ತಿರದ ತಂಡಗಳ ಸಮುದಾಯ; ‘ಚಾಪ್ಟರ್’ ಎಂದರೆ ಒಂದು ಟ್ರೈಬಿನೊಳಗಿನ ಒಂದೇ ಕಸುಬಿನವರು; ‘ಗಿಲ್ಡ್’ ಎಂದರೆ ಕಂಪನಿಯ ಉದ್ದಗಲಕ್ಕೂ, ಇಷ್ಟವಿದ್ದವರು ಬಂದು ಸೇರುವ ಕೂಟ. ಇವುಗಳಲ್ಲಿ ಚಾಪ್ಟರಿನ ಮುಖ್ಯಸ್ಥನಿಗೆ ತನ್ನವರ ಬೆಳವಣಿಗೆ, ಸಂಬಳ ಮುಂತಾದವುಗಳ ಹೊಣೆಯಿದೆ. ಗಿಲ್ಡಿಗೆ ಅಂಥ ಯಾವ ಹೊಣೆಯೂ ಇಲ್ಲ. ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ: ಯಾವುದಕ್ಕೆ ಏನೂ ಅಧಿಕಾರವಿಲ್ಲವೋ ಅದಕ್ಕೇ ಶ್ರೇಣಿಯ ಹೆಸರನ್ನು ಕೊಡಲಾಗಿದೆ. ಅದೇ ಕಂಪನಿಯ ಗಿಲ್ಡುಗಳನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸದಸ್ಯರೆಂದು ಹೆಸರು ಕೊಟ್ಟವರಲ್ಲಿ ನಿಯಮಿತವಾಗಿ ಭಾಗವಹಿಸುವವರು ಕೆಲವರೇ ಎಂಬುದನ್ನು ಮರೆಮಾಚದೆ ಹೇಳಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಹೇಳಿದ ಮಾತನ್ನು ಇಲ್ಲಿ ಸ್ಮರಿಸಬಹುದು. ಅವರ ಕಚೇರಿಯಲ್ಲಿ ಪರೀಕ್ಷಕರ ಕೂಟವು ಎರಡು ವಾರಕ್ಕೊಮ್ಮೆ ಸೇರಬೇಕೆಂದು ನಿಯಮವಿದೆ. ಕೆಲಸದ ಗಡುವು ಹತ್ತಿರ ಬಂದಾಗ ದಿನಚರಿಯಿಂದ ಮೊದಲು ಅಳಿಸಿಹೋಗುವುದು ಅದೇ ಕೂಟ. “ಅದು ನಮ್ಮದು ಎನ್ನುತ್ತಾರೆ, ಆದರೆ ಅದರ ಹೊತ್ತು ನಮ್ಮದಲ್ಲ” ಎಂದರು ಅವರು. ಈ ಒಂದು ಮಾತಿನಲ್ಲಿ ನಮ್ಮ ಪ್ರಶ್ನೆಯೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ.

೩

ಈಗ ನಮ್ಮ ನೆಲಕ್ಕೆ ಬರೋಣ. ಗದುಗಿನಿಂದ ಹನ್ನೆರಡು ಕಿಲೋಮೀಟರಿನಷ್ಟು ದೂರವಿರುವ ಲಕ್ಕುಂಡಿಯು, ಶಾಸನಗಳ ಲೊಕ್ಕಿಗುಂಡಿಯು, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳ ನೆಲೆವೀಡು. ಅಲ್ಲಿಯ ಬ್ರಹ್ಮಜಿನಾಲಯಕ್ಕೆ ಸಂಬಂಧಿಸಿದ ೧೦೦೭ರ ಶಾಸನವು ಅತ್ತಿಮಬ್ಬೆಯ ದಾನಗುಣವನ್ನು ಕೊಂಡಾಡುತ್ತದೆ. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಆ ಮಹನೀಯಳನ್ನು ನಾಡು ಮರೆತಿಲ್ಲ. ಆದರೆ ಉಳಿಯನ್ನು ಹಿಡಿದ ಕೈಗಳ ವಿಷಯದಲ್ಲಿ ನಮ್ಮ ದಾನಶಾಸನಗಳು ಸಾಮಾನ್ಯವಾಗಿ ಮಿತಭಾಷಿಗಳು. ಅವುಗಳ ಚರಿತ್ರೆಯನ್ನು ನಾವು ಕಲ್ಲಿನಲ್ಲಿಯೇ ಓದಬೇಕು.

ಓದಿದರೆ ಏನು ತಿಳಿಯುತ್ತದೆ? ಹನ್ನೊಂದನೆಯ ಶತಮಾನದಲ್ಲಿ ಈ ಭಾಗದ ಶಿಲ್ಪಿಗಳು ಹಿಂದಿನ ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ತಿರುಗಿದರು. ಮರಳುಗಲ್ಲಿನ ದೊಡ್ಡ ಬಂಡೆಗಳ ಬದಲು ಚಿಕ್ಕ ತುಂಡುಗಳು ಬಂದವು; ಗೆರೆಗಳು ಸೂಕ್ಷ್ಮವಾದವು; ಕೆತ್ತನೆ ಆಳವಾಯಿತು; ಕಂಬಗಳನ್ನು ಚರಕಿಯ ಮೇಲೆ ತಿರುಗಿಸಿ ಕಡೆದಂತೆ ನಯಗೊಳಿಸುವ ಕಲೆಯು ಬೆಳಕಿಗೆ ಬಂದಿತು. ಲಕ್ಕುಂಡಿಯ ನನ್ನೇಶ್ವರ ಗುಡಿಯನ್ನೂ ಅದರ ಎದುರಿಗಿರುವ ಕಾಶಿವಿಶ್ವೇಶ್ವರ ಗುಡಿಯನ್ನೂ ಒಂದೇ ದಿನ ನೋಡಿದವರಿಗೆ, ಮೊದಲನೆಯದರಲ್ಲಿ ಸರಳವಾಗಿ ಪ್ರಯತ್ನಿಸಿದ್ದು ಎರಡನೆಯದರಲ್ಲಿ ತುಂಬಿ ತುಳುಕುವುದು ಕಾಣದಿರದು. ಅಲ್ಲಿಂದ ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋದರೆ ದೊಡ್ಡಬಸಪ್ಪನ ಗುಡಿಯು ಇಪ್ಪತ್ತನಾಲ್ಕು ಕೋನಗಳ ನಕ್ಷತ್ರಾಕಾರದಲ್ಲಿ ನಿಂತಿದೆ. ೧೧೧೨ರ ಇಟಗಿಯ ಮಹಾದೇವ ದೇವಾಲಯವು ಇದೇ ಮನೆತನದ ಇನ್ನೊಂದು ಕೂಸು. ಹೆನ್ರಿ ಕಸಿನ್ಸ್ ೧೯೨೬ರಲ್ಲಿ ಈ ಗುಡಿಗಳನ್ನು ಅಳೆದು ವರ್ಣಿಸಿದರು. ಆಡಂ ಹಾರ್ಡಿಯವರು ೧೯೯೫ರ ತಮ್ಮ ಗ್ರಂಥದಲ್ಲಿ, ಒಂದು ರೂಪವು ಇನ್ನೊಂದರ ಒಡಲಿನಿಂದ ಹೊಮ್ಮುತ್ತ ತಲೆಮಾರುಗಳ ಮೇಲೆ ಬೆಳೆದುದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದರು.

ಇಲ್ಲಿ ಒಂದು ವಿಚಾರವನ್ನು ಓದುಗರು ಗಮನಿಸಬೇಕು. ಪ್ರತಿಯೊಂದು ಗುಡಿಯೂ ಒಬ್ಬ ದಾನಿಗಾಗಿ, ಒಂದು ಊರಿನಲ್ಲಿ, ಒಂದು ಕಾಲಕ್ಕಾಗಿ ಕೂಡಿದ ತಂಡದ ಕೆಲಸ. ಕಲ್ಲು ಒಡೆಯುವವರು, ಸಾಗಿಸುವವರು, ಉಳಿ ಹದಗೊಳಿಸುವ ಕಮ್ಮಾರರು, ರೂಪ ಕಡೆಯುವವರು—ಬೇರೆಬೇರೆ ಕಸುಬಿನವರು ಒಂದೇ ವಸ್ತುವಿಗಾಗಿ ಕೂಡಿದರು. ಕಳಶವೇರಿದ ಮೇಲೆ ಚೆದರಿದರು. ಇದು ಇಂದಿನವರು ಹೇಳುವ ತಂಡವೇ ಅಲ್ಲವೇ? ಆದರೆ ಒಂದು ಗುಡಿಯಲ್ಲಿ ಕಲಿತದ್ದು ಮುಂದಿನ ಗುಡಿಯಲ್ಲಿ ಬೆಳೆದಿದೆ. ತಂಡವು ಚೆದರಿದರೂ ಕಸುಬು ಚೆದರಲಿಲ್ಲ. ಅಂದ ಮೇಲೆ ತಂಡಗಳನ್ನು ಅಡ್ಡಹಾಯ್ದು ಕಸುಬಿನ ಇನ್ನೊಂದು ಸಂಬಂಧವು ಇದ್ದಿತೆಂದು ನಾವು ಊಹಿಸಲೇಬೇಕಾಗುತ್ತದೆ. ೧೧೧೭ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದಿದ್ದಾರೆ. ಚಾಲುಕ್ಯರ ನಾಡಿನ ಕೈಗಳು ಹೊಯ್ಸಳರ ನಾಡಿನಲ್ಲಿ ದುಡಿದವು. ರಾಜ್ಯದ ಗಡಿಗಿಂತ ಕಸುಬಿನ ಬಳ್ಳಿ ಉದ್ದವಾಗಿತ್ತು. ದಾಸೋಜನ ಹೆಸರಿನ ಕೊನೆಗೆ ಬರುವ ‘ಓಜ’ ಎಂಬುದು ‘ಉಪಾಧ್ಯಾಯ’ ಶಬ್ದದ ತದ್ಭವವೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಕಲ್ಲು ಕಡೆಯುವವನ ಹೆಸರಿನಲ್ಲಿಯೇ ಕಲಿಸುವವನು ಕುಳಿತಿದ್ದಾನೆ.

೪

ಲಕ್ಕುಂಡಿಯು ನಮಗೆ ಕಸುಬಿನ ಕೂಟವನ್ನು ತೋರಿಸಿದರೆ, ಲಕ್ಷ್ಮೇಶ್ವರವು ಶ್ರೇಣಿಯನ್ನು ತೋರಿಸುತ್ತದೆ. ಪ್ರಾಚೀನ ಪುಲಿಗೆರೆ ಅಥವಾ ಪೊರಿಗೆರೆಯೆಂಬ ಆ ಪಟ್ಟಣಕ್ಕೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ೭೨೫ರಲ್ಲಿ ಹಾಕಿಕೊಟ್ಟ ವ್ಯವಸ್ಥೆಯ ಶಾಸನವು ಪ್ರಸಿದ್ಧವಾಗಿದೆ. ರಾಜಪುರುಷರು, ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು—ಇವರ ಪರಸ್ಪರ ಕರ್ತವ್ಯಗಳನ್ನು ಅದು ಗೊತ್ತುಪಡಿಸುತ್ತದೆ. ಮನೆತನದ ಅನುಕೂಲತೆಗೆ ತಕ್ಕಂತೆ ತೆರಿಗೆಯಲ್ಲಿ ಹೆಚ್ಚುಕಡಿಮೆಗಳನ್ನು ಹೇಳುತ್ತದೆ. ಕೆಲವು ಸಲ್ಲಿಕೆಗಳನ್ನು ಕಾರ್ತಿಕ ಮಾಸದಲ್ಲಿ ಸೇಣಿಗೆ ಕೊಡಬೇಕೆಂದು ವಿಧಿಸುತ್ತದೆ. ಕಂಚುಗಾರರ ಸೇಣಿಯ ಉಲ್ಲೇಖವೂ ಅದರಲ್ಲಿದೆ. ಅಂದರೆ ಆ ಪಟ್ಟಣದ ಸೇಣಿಯು ಬರಿಯ ಮಾತಿನ ಕೂಟವಾಗಿರಲಿಲ್ಲ. ಅರಸನ ಶಾಸನವು ಹೆಸರಿಟ್ಟು ಗುರುತಿಸಿದ, ಹಣವನ್ನು ಸ್ವೀಕರಿಸುವ, ಊರಿನ ವ್ಯವಸ್ಥೆಯಲ್ಲಿ ಪಾಲುಳ್ಳ ಸಂಸ್ಥೆಯಾಗಿತ್ತು.

ಧರ್ಮಶಾಸ್ತ್ರಗಳು ಇದನ್ನೇ ದೃಢಪಡಿಸುತ್ತವೆ. ಶ್ರೇಣಿ ಮೊದಲಾದ ಸಮೂಹಗಳ ಕಟ್ಟಳೆಗಳನ್ನು ಅರಸನು ರಕ್ಷಿಸಬೇಕೆಂದೂ, ಸಮೂಹದ ದ್ರವ್ಯವನ್ನು ಅಪಹರಿಸಿದವನನ್ನು, ಒಪ್ಪಂದವನ್ನು ಮೀರಿದವನನ್ನು ನಾಡಿನಿಂದ ಹೊರಗಟ್ಟಬೇಕೆಂದೂ ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಲಕ್ಕುಂಡಿ ಡಂಬಳಗಳ ಉಳಿಯ ಸದ್ದು ಕೇಳುತ್ತಿದ್ದ ಕಾಲದವನು.

ನಾರದ ಮತ್ತು ಬೃಹಸ್ಪತಿಗಳ ವಿಧಿಗಳು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದವು. ಗುರುವಿನ ಮನೆಯಲ್ಲಿ ಗೊತ್ತಾದ ಅವಧಿಯವರೆಗೆ ಇದ್ದು ಕಸುಬು ಕಲಿಯುವ ಶಿಷ್ಯನಿಗೆ ಗುರುವು ಊಟವಿಕ್ಕಬೇಕು, ಮಗನಂತೆ ನೋಡಿಕೊಳ್ಳಬೇಕು, ಕಸುಬಿಗೆ ಸಂಬಂಧವಿಲ್ಲದ ಕೆಲಸವನ್ನು ಅವನಿಂದ ಮಾಡಿಸಕೂಡದು ಎಂದು ನಾರದನು ವಿಧಿಸುತ್ತಾನೆ. ಬೃಹಸ್ಪತಿಯು ಶಿಲ್ಪಿಗಳಲ್ಲಿ ಶಿಕ್ಷಕ, ಅಭಿಜ್ಞ, ಕುಶಲ, ಆಚಾರ್ಯ ಎಂಬ ನಾಲ್ಕು ಮೆಟ್ಟಿಲುಗಳನ್ನು ಎಣಿಸಿ, ಕೂಡಿ ಮಾಡಿದ ಕೆಲಸದ ಗಳಿಕೆಯಲ್ಲಿ ಅವರಿಗೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಪಾಲುಗಳೆಂದು ಗೊತ್ತುಮಾಡುತ್ತಾನೆ. ಇಲ್ಲಿ ‘ಶಿಕ್ಷಕ’ನೆಂದರೆ ಕಲಿಸುವವನಲ್ಲ, ಕಲಿಯುವವನು. ಕಲಿಯುವವನಿಗೂ ಒಂದು ಪಾಲು ಉಂಟು! ಆಚಾರ್ಯನಿಗೆ ನಾಲ್ಕು ಪಾಲಾದರೂ ಅದಕ್ಕೆ ಮಿತಿಯುಂಟು. ಕಲಿಕೆಯನ್ನೂ ಗಳಿಕೆಯನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ಈ ವಿಧಿಯು ನಮಗೆ ಶ್ರೇಣಿಯ ಉದ್ದೇಶದ ಕೀಲಿಕೈಯಾಗಿ ಕಾಣುತ್ತದೆ. ಶಾಸ್ತ್ರದ ವಿಧಿಯೆಲ್ಲ ಆಚರಣೆಯಲ್ಲಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಯಾವುದನ್ನು ನ್ಯಾಯವೆಂದು ಆ ಕಾಲವು ತಿಳಿದಿತ್ತೆಂಬುದಕ್ಕೆ ಅದು ಸಾಕ್ಷಿ.

೫

ಹಾಗಾದರೆ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಪೊಳ್ಳು ಎಂದು ತೀರ್ಮಾನಿಸೋಣವೇ? ಹಾಗೆ ಮಾಡಿದರೆ ನಾವು ಇತಿಹಾಸಕ್ಕೆ ದ್ರೋಹ ಬಗೆದಂತಾಗುತ್ತದೆ. ಯುರೋಪಿನ ಗಿಲ್ಡುಗಳ ವಿಷಯದಲ್ಲಿ ಎರಡು ಪಕ್ಷಗಳ ನಡುವೆ ದೊಡ್ಡ ವಾದ ನಡೆದಿದೆ. ಕಸುಬನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದೇ ಅವುಗಳ ಮುಖ್ಯ ಪ್ರಯೋಜನವಾಗಿತ್ತೆಂದು ಎಸ್. ಆರ್. ಎಪ್‌ಸ್ಟೀನ್ ೧೯೯೮ರಲ್ಲಿ ಪ್ರತಿಪಾದಿಸಿದರು. ಶೀಲಾ ಓಗಿಲ್ವಿಯವರು ಇದನ್ನು ಖಂಡಿಸಿ, ೨೦೧೯ರ ತಮ್ಮ ಬೃಹದ್ಗ್ರಂಥದವರೆಗೂ, ಗಿಲ್ಡುಗಳು ತಮ್ಮವರ ಲಾಭಕ್ಕಾಗಿ ಹೆಂಗಸರನ್ನು, ಬಡವರನ್ನು, ಪರಧರ್ಮದವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ರಾಶಿ ರಾಶಿ ಆಧಾರಗಳಿಂದ ತೋರಿಸಿದ್ದಾರೆ. ನಮ್ಮ ನಾಡಿನಲ್ಲಿ ಈ ಬಾಗಿಲಿಗೆ ಜಾತಿಯೆಂಬ ಅಗಳಿಯೂ ಬಿದ್ದಿತು. ಓಜನ ಮಗನು ಓಜನಾಗುವನು; ಕಲ್ಲಿನ ಮೇಲೆ ಒಲವಿದ್ದ ಬೇರೊಬ್ಬನ ಮಗನಿಗಾಗಲಿ, ಓಜನ ಮಗಳಿಗಾಗಲಿ ಆ ಉಳಿ ಸುಲಭವಾಗಿ ಸಿಕ್ಕಲಾರದು. ಹಕ್ಕುಳ್ಳ ಕೂಟವು ಹೊರಗಿನವರ ಪಾಲಿಗೆ ಗೋಡೆಯಾಗಬಲ್ಲದು. ಹಕ್ಕಿಲ್ಲದ ಇಂದಿನ ಕೂಟದ ಬಾಗಿಲು ಅಷ್ಟರ ಮಟ್ಟಿಗೆ ತೆರೆದದ್ದೆಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಆದರೆ ಶ್ರೇಣಿಯ ಬಂಧನವು ಯಾವಾಗಲೂ ಕಬ್ಬಿಣದ್ದಾಗಿರಲಿಲ್ಲ. ಮಂದಸೋರಿನ ಶಾಸನದಲ್ಲಿ ಲಾಟದೇಶದಿಂದ ದಶಪುರಕ್ಕೆ ವಲಸೆ ಬಂದ ಪಟ್ಟೆನೇಕಾರರ ಶ್ರೇಣಿಯ ಕಥೆಯಿದೆ. ಅವರಲ್ಲಿ ಕೆಲವರು ನೇಯ್ಗೆಯಲ್ಲಿಯೇ ಉಳಿದರು. ಕೆಲವರು ಬಿಲ್ಲುವಿದ್ಯೆಗೆ, ಕೆಲವರು ಕಥೆ ಹೇಳುವುದಕ್ಕೆ, ಕೆಲವರು ಜ್ಯೋತಿಷ್ಯಕ್ಕೆ ತಿರುಗಿದರು. ಆದರೂ ೪೩೬ರ ಸುಮಾರಿಗೆ ಸೂರ್ಯದೇವಾಲಯವನ್ನು ಕಟ್ಟಿಸಿದ ಆ ಶ್ರೇಣಿಯೇ ೪೭೩ರ ಸುಮಾರಿಗೆ ಅದನ್ನು ಜೀರ್ಣೋದ್ಧಾರ ಮಾಡಿಸಿತು. ಕಸುಬು ಬದಲಾದರೂ ಕೂಟವು ಉಳಿಯಿತು. ಏಕೆಂದರೆ ಅದು ಅವರ ಸ್ವಂತದ್ದಾಗಿತ್ತು.

ಬಾಗಿಲನ್ನು ತೆರೆದಿಟ್ಟೂ ಕಸುಬನ್ನು ಬಿಗಿಯಾಗಿ ಹಿಡಿಯಬಹುದೆಂಬುದಕ್ಕೆ ಗದುಗಿನಲ್ಲಿಯೇ ನಿದರ್ಶನವಿದೆ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತರು. ದಕ್ಷಿಣಾದಿಯನ್ನು ಅರಿತ ಮೇಲೆ ನೀಲಕಂಠಬುವಾ ಅವರಲ್ಲಿ ಉತ್ತರಾದಿಯನ್ನೂ ಅಭ್ಯಾಸ ಮಾಡಿದರು. ಅವರಿಂದ ಬೆಳೆದು ಬಂದ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ತಮ್ಮ ಕೊನೆಯವರೆಗೆ ನಡೆಯಿಸಿದರು. ಕಣ್ಣಿಲ್ಲದವರು, ಬಡವರು, ಸಂಗೀತದ ಮನೆತನದಲ್ಲಿ ಹುಟ್ಟದವರು ಅಲ್ಲಿ ಅನ್ನ ವಸತಿಗಳೊಡನೆ ವಿದ್ಯೆಯನ್ನು ಪಡೆದರು. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಇಲ್ಲಿ ಪ್ರವೇಶಕ್ಕೆ ಕುಲದ ಹಕ್ಕು ಬೇಕಾಗಲಿಲ್ಲ. ಆದರೆ ಒಳಗೆ ಬಂದವನು ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುವಲ್ಲಿಂದ ಮೊದಲುಗೊಳ್ಳಬೇಕಾಗಿತ್ತು. ಲೈಬೀರಿಯದ ದರ್ಜಿಯ ಗುಂಡಿಯೂ ಗದುಗಿನ ಶಿಷ್ಯನ ತಂಬೂರಿಯೂ ಒಂದೇ ಸ್ಥಾನದಲ್ಲಿವೆ: ಅಂಚಿನಲ್ಲಿದ್ದರೂ ಅವು ನಿಜವಾದ ಕೆಲಸವೇ.

ಇನ್ನೊಂದು ನಿದರ್ಶನವು ಗದುಗಿನ ಹತ್ತಿರದ ಕಣಗಿನಹಾಳದ್ದು. ೧೯೦೪ರ ಕಾಯ್ದೆಯು ಬಂದ ಮರುವರ್ಷವೇ, ೧೯೦೫ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಸಹಕಾರಿ ಸಂಘವು ಸ್ಥಾಪಿತವಾಯಿತು. ಅದು ಕಸುಬನ್ನು ಕಲಿಸುವ ಕೂಟವಲ್ಲ, ನಿಜ. ಆದರೆ ಸದಸ್ಯರ ಪಟ್ಟಿ, ಸದಸ್ಯರ ಹಣ, ಸದಸ್ಯರ ಮತ—ಈ ಮೂರು ಇದ್ದರೆ ಕೂಟವು ಯಾರದೆಂಬ ಪ್ರಶ್ನೆಗೆ ಗೊಂದಲವಿಲ್ಲದ ಉತ್ತರ ದೊರೆಯುತ್ತದೆಂಬುದನ್ನು ಅದು ಕಲಿಸುತ್ತದೆ.

೬

ಇಷ್ಟು ವಿವೇಚನೆಯಿಂದ ಕಸುಬಿನ ಕೂಟಕ್ಕೆ ಮೂರು ಉದ್ದೇಶಗಳಿವೆಯೆಂದು ನಾವು ಹೇಳಬಹುದು. ಮೊದಲನೆಯದು, ತಂಡವು ಚೆದರಿದ ಮೇಲೆಯೂ ಕಸುಬನ್ನು ಉಳಿಸುವುದು; ಲಕ್ಕುಂಡಿಯ ಕಲ್ಲು ಇದನ್ನು ಸಾರುತ್ತದೆ. ಎರಡನೆಯದು, ಹೊಸಬನಿಗೆ ಅಂಚಿನಿಂದ ನಡುವಿಗೆ ಬರುವ ದಾರಿಯನ್ನು ಕಾಯುವುದು. ಪುಣ್ಯಾಶ್ರಮವು ಇದಕ್ಕೆ ಸಾಕ್ಷಿ. ಮೂರನೆಯದು, ಒಳ್ಳೆಯ ಕೆಲಸ ಯಾವುದು, ಅದಕ್ಕೆ ಎಷ್ಟು ಹೊತ್ತು ಬೇಕು, ಅದರ ಫಲದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದರಲ್ಲಿ ಕಸುಬಿನವರ ಮಾತು ನಡೆಯುವಂತೆ ಮಾಡುವುದು. ಪುಲಿಗೆರೆಯ ಸೇಣಿಯೂ ಬೃಹಸ್ಪತಿಯ ವಿಧಿಯೂ ಇದನ್ನು ನೆನಪಿಸುತ್ತವೆ.

ಇಂದಿನ ಕಚೇರಿಯ ಕೂಟಗಳು ಮೊದಲನೆಯ ಉದ್ದೇಶವನ್ನು ಚೆನ್ನಾಗಿ ಬಲ್ಲವು. ಎರಡನೆಯದನ್ನು ಅರೆಮನಸ್ಸಿನಿಂದ ಒಪ್ಪುತ್ತವೆ. ಮೂರನೆಯದರ ವಿಷಯದಲ್ಲಿ ಮೌನವಾಗಿವೆ. ಸಂಬಳ, ಹಕ್ಕುಗಳನ್ನು ನೋಡಿಕೊಳ್ಳುವುದಕ್ಕೆ ಕಾರ್ಮಿಕ ಸಂಘವೇ ಬೇರೆ ಇರಬೇಕಲ್ಲದೆ ಕಸುಬಿನ ಕೂಟಕ್ಕೆ ಆ ಹೊರೆ ಏಕೆ, ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಹುರುಳಿಲ್ಲದ್ದಲ್ಲ. ಕೂಟವು ಸಂಘವಾಗಲಿ ಎಂದು ನಾವೂ ಹೇಳುವುದಿಲ್ಲ. ಆದರೆ ತನ್ನ ಹೊತ್ತಿನ ಮೇಲಾದರೂ ತನಗೆ ಒಡೆತನವಿಲ್ಲದ ಕೂಟವು ಮೊದಲಿನ ಎರಡು ಉದ್ದೇಶಗಳನ್ನೂ ಬಹುಕಾಲ ನಡೆಯಿಸಲಾರದು. ನಮ್ಮ ವಿದ್ಯಾರ್ಥಿನಿಯ ಮಾತಿನ ಅರ್ಥವೂ ಇದೇ. ಗಡುವು ಬಂದಾಗಲೆಲ್ಲ ಕಲಿಕೆಯು ಅಳಿಸಿಹೋದರೆ, ಕಲಿಯುವವನು ಪೊಟ್ಟಣ ಕಟ್ಟುವ ಮೇಜಿನ ಬಳಿಯಲ್ಲಿಯೇ ನಿಲ್ಲುತ್ತಾನೆ. ಆದುದರಿಂದ ಇಂಥ ಕೂಟಗಳನ್ನು ನಡೆಯಿಸುವವರು ಮೊದಲು ಇಷ್ಟನ್ನಾದರೂ ಮಾಡಲಿ: ಕೂಟದ ಹೊ‌ತ್ತನ್ನು ಕೂಟದವರೇ ಗೊತ್ತುಮಾಡಲಿ, ಅದನ್ನು ಕೆಲಸದ ಹೊತ್ತೆಂದೇ ಎಣಿಸಲಿ, ಕೆಲಸದ ಗುಣವನ್ನು ಕುರಿತು ಕೂಟವು ಹೇಳಿದ ಮಾತಿಗೆ ತಂಡದ ಗಡುವಿನಷ್ಟೇ ತೂಕವಿರಲಿ. ಅಲ್ಲಿಯವರೆಗೆ ಅದನ್ನು ಕೂಟವೆಂದೇ ಕರೆಯಲಿ. ಶ್ರೇಣಿಯ ಹೆಸರು ಅದಕ್ಕೆ ದೊಡ್ಡ ಅಂಗಿಯಾದೀತು.

ಕೊನೆಯಲ್ಲಿ, ಪರರ ಮನೆಯ ದೋಷವನ್ನು ಎಣಿಸಿದ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಶಾಸನವನ್ನು ಓದುವುದೂ ಒಂದು ಕಸುಬು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಚ್ಚಿ, ಕುಂಚದಿಂದ ಬಡಿದು, ಮಸಿಯೊತ್ತಿ ಅಚ್ಚು ತೆಗೆಯುವುದನ್ನು ಪುಸ್ತಕದಿಂದ ಕಲಿಯಲಾಗದು. ಸವೆದ ಅಕ್ಷರವನ್ನು ಬೆಳಕಿನ ಓರೆಯಲ್ಲಿ ಗುರುತಿಸುವ ಕಣ್ಣು ಹಿರಿಯರ ಪಕ್ಕದಲ್ಲಿ ನಿಂತಲ್ಲದೆ ಬಾರದು. ನಮ್ಮ ಕಾಲೇಜುಗಳಲ್ಲಿ ಇತಿಹಾಸದ ಅಧ್ಯಾಪಕರು ತಮ್ಮ ತಮ್ಮ ವೇಳಾಪತ್ರಿಕೆಗಳಲ್ಲಿ ಚೆದರಿದ್ದೇವೆ. ಪರೀಕ್ಷೆಯ ಗಡುವು ಬಂದಾಗ ನಾವೂ ಮೊದಲು ಅಳಿಸುವುದು ಕ್ಷೇತ್ರಕಾರ್ಯವನ್ನೇ. ವಿದ್ಯಾರ್ಥಿಯು ಸೇಣಿ ಎಂಬ ಪದದ ಅರ್ಥವನ್ನು ಬರೆದು ಅಂಕಗಳನ್ನು ಪಡೆಯುತ್ತಾನೆ. ಆ ಪದವು ಕೊರೆಯಲ್ಪಟ್ಟ ಕಲ್ಲು ಲಕ್ಷ್ಮೇಶ್ವರದ್ದೆಂದು ತಿಳಿದರೂ ಅಂಥ ಕಲ್ಲಿನ ಮುಂದೆ ಒಮ್ಮೆಯೂ ನಿಂತಿರುವುದಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲು ಸಣ್ಣದಲ್ಲ.

ಜಿಲ್ಲೆಯ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ಅಧ್ಯಾಪಕರು ತಿಂಗಳಿಗೆ ಒಂದು ದಿನ, ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು, ಒಂದು ಊರಿನ ಒಂದು ಕಲ್ಲಿನ ಮುಂದೆ ಸೇರುವುದಾದರೆ ಅದಕ್ಕೆ ದೊಡ್ಡ ಹೆಸರೇನೂ ಬೇಕಾಗುವುದಿಲ್ಲ. ಮೊದಲ ದಿನ ವಿದ್ಯಾರ್ಥಿಯು ನೀರು ತಂದು ಕಲ್ಲು ತೊಳೆಯಲಿ. ಮುಂದಿನ ದಿನ ಕಾಗದವನ್ನು ಹಿಡಿಯಲಿ. ಅಕ್ಷರದ ಸರದಿ ತಾನಾಗಿಯೇ ಬಂದೀತು. ಆ ದಿನವನ್ನು ಯಾವ ಗಡುವಿಗೂ ಬಿಟ್ಟುಕೊಡದಿರುವ ಒಪ್ಪಂದವೊಂದನ್ನು ನಾವು ನಮ್ಮೊಳಗೆ ಮಾಡಿಕೊಂಡರೆ, ನಮ್ಮ ಕೂಟಕ್ಕೂ ಸೇಣಿಯ ಗುಣ ಒಂದಿಷ್ಟು ಬಂದೀತೆಂದು ನಾವು ನಂಬುತ್ತೇವೆ.